ಓದುವಾಗ ಎಲ್ಲ ಗೊತ್ತಿರುತ್ತೆ, ಹಾಲ್‌ನಲ್ಲಿ ಕೂತ್ರೆ ಏನೂ ಬರಲ್ಲ. ಸೆಮ್ ಎಕ್ಸಾಮ್‌ಗೆ 18 ದಿನ, ನೀವೆಲ್ಲ ಹೇಗೆ ನಿಭಾಯಿಸ್ತೀರಿ?

ಗೋವಿನಜೋಳ
ಎಲ್ರಿಗೂ ನಮಸ್ಕಾರ. ಮೊದಲ ಸಲ ಇಲ್ಲಿ ಬರೀತಿದೀನಿ.

ನಾನು ವಿಟಿಯು (ಎಂಜಿನಿಯರಿಂಗ್ ಯೂನಿವರ್ಸಿಟಿ), 2022ರ ಸ್ಕೀಮ್ ಅಂದ್ರೆ ಆ ವರ್ಷದ ಸಿಲಬಸ್, ಕಂಪ್ಯೂಟರ್ ಸೈನ್ಸ್ ಐದನೇ ಸೆಮ್. ಊರು ರಾಣೆಬೆನ್ನೂರು ಹತ್ರ ಒಂದು ಹಳ್ಳಿ, ಓದ್ತಿರೋದು ದಾವಣಗೆರೆಯಲ್ಲಿ, ಇರೋದು ಪಿಜಿಯಲ್ಲಿ. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಮೂರನೇ ಸೆಮ್ ಮ್ಯಾಥ್ಸ್ ಬ್ಯಾಕ್ ಇದೆ (ಫೇಲ್ ಆಗಿ ಉಳಿದಿದೆ), ನಾಲ್ಕನೇ ಸೆಮ್ ಅಲ್ಗಾರಿದಮ್ ಬ್ಯಾಕ್ ಇದೆ. ಈ ಸಲ ಐದನೇ ಸೆಮ್ ಪೇಪರ್‌ಗಳ ಜೊತೆ ಅವೆರಡನ್ನೂ ಕಟ್ಟಿದೀನಿ.

ನಾನು ಓದಲ್ಲ ಅಂತಲ್ಲ. ಪಾಸಿಂಗ್ ಪ್ಯಾಕೇಜ್ (ಪಾಸಾಗೋಕೆ ಸಾಕಾಗೋಷ್ಟು ಮುಖ್ಯ ಪ್ರಶ್ನೆ-ಉತ್ತರದ ಕಟ್ಟು) ನಾಲ್ಕು ಸಲ ಓದ್ತೀನಿ. ಹೈಲೈಟರ್ ಬಳಿದೂ ಬಳಿದೂ ಜೆರಾಕ್ಸ್ ಪುಟ ಎಲ್ಲ ಅರಿಶಿನ ಹಚ್ಚಿದ ಹಂಗಾಗಿದೆ. ಓದುವಾಗ "ಹೌದು, ಇದು ಗೊತ್ತು" ಅನ್ಸುತ್ತೆ. ಪ್ರಶ್ನೆಪತ್ರಿಕೆ ಕೈಗೆ ಬಂದ ತಕ್ಷಣ ತಲೆ ಬಿಳಿ ಹಾಳೆ. ಹೋದ ಸಲ ಅಲ್ಗಾರಿದಮ್ ಪೇಪರ್‌ನಲ್ಲಿ 40 ನಿಮಿಷ ಬರೀ ಮಾರ್ಜಿನ್ ಹಾಕ್ತಾ ಕೂತಿದ್ದೆ. ಸೂಪರ್‌ವೈಸರ್ ಬಂದು "ಏನಪ್ಪಾ, ಡ್ರಾಯಿಂಗ್ ಪರೀಕ್ಷೆನಾ" ಅಂದ್ರು. ಬಂದಿದ್ದು ನೂರಕ್ಕೆ 27.

ಬ್ಯಾಕ್ ಇರೋದು ಮನೇಲಿ ಗೊತ್ತಿಲ್ಲ. ನೀವೆಲ್ಲ ಕೊನೇ ದಿನಗಳನ್ನ ಹೇಗೆ ಕಳೀತೀರಿ? ಟೈಮ್‌ಟೇಬಲ್ ಮಾಡ್ತೀರಾ? ರಾತ್ರಿನಾ, ಬೆಳಗ್ಗೆನಾ? ಏನಾದ್ರೂ ಹೇಳಿ.

ಹಿಂದಿನ ಬೆಂಚು
ಗುರು, ಮಾರ್ಜಿನ್‌ಗೆ ಮಾರ್ಕ್ಸ್ ಕೊಡೋದಾಗಿದ್ರೆ ನಾನು ಗೋಲ್ಡ್ ಮೆಡಲಿಸ್ಟ್.

ಸೀರಿಯಸ್ಸಾಗಿ ಹೇಳ್ತೀನಿ: ಟೈಮ್‌ಟೇಬಲ್ ಮಾಡೋಕೆ ಕೂತ್ಕೋಬೇಡ. ನಾನು ಎರಡು ಸೆಮ್ ಬರೀ ಟೈಮ್‌ಟೇಬಲ್ ಮಾಡಿದೀನಿ. ನಾಲ್ಕು ಬಣ್ಣದ ಸ್ಕೆಚ್ ಪೆನ್ನು, ಸ್ಕೇಲು, ಗೋಡೆಗೆ ಅಂಟಿಸೋಕೆ ಟೇಪು. ಅಂಟಿಸಿ ಆದ್ಮೇಲೆ ಸುಸ್ತಾಗಿ ಮಲಗಿದ್ದೆ.

ಸಪ್ತಾಪುರ ಚಾ
ಲೇ ತಮ್ಮಾ, ಮದ್ಲ ಹೆದರಿಕಿ ಬಿಡು. ನಂಗ ಏಳು ಬ್ಯಾಕ್ ಇದ್ದೂ. ಏಳು! ಎಲ್ಲಾ ತಗದೇನಿ. ಈಗ ಹುಬ್ಬಳ್ಳ್ಯಾಗ ಕೆಲಸಾ ಮಾಡಾಕತ್ತೇನಿ, ಯಾರೂ ಬ್ಯಾಕ್ ಎಷ್ಟಿದ್ದೂ ಅಂತ ಕೇಳಾಂಗಿಲ್ಲ.

ನೀ ಓದೂದು ಆಮ್ಯಾಲ, ಮದ್ಲ ಲೆಕ್ಕಾ ಹಾಕು. ಯಾವ ವಿಷಯಕ್ಕ ಇಂಟರ್ನಲ್ಸ್ (ಕಾಲೇಜಿನ್ಯಾಗ ಕೊಡೂ ಮಾರ್ಕ್ಸು) ಎಷ್ಟದಾವು, 50ಕ್ಕ ಎಷ್ಟು, ಅದನ್ನ ಬರದು ಹಾಕಿಲ್ಲಿ. ಹುಡುಗೂರು ಎಲ್ಲಾ ವಿಷಯಕ್ಕೂ ಒಂದಾ ನಮೂನಿ ಅಂಜತಾರ. ಹಂಗ ಅಂಜಬಾರದು, ಎಲ್ಲಿ ಅಂಜಬೇಕೋ ಅಲ್ಲೇ ಅಂಜಬೇಕು.

ಗೋವಿನಜೋಳ
ಅಣ್ಣಾ, ಕಂಪ್ಯೂಟರ್ ನೆಟ್‌ವರ್ಕ್ಸ್ 38, ಥಿಯರಿ ಆಫ್ ಕಂಪ್ಯುಟೇಶನ್ (ಟಿಓಸಿ) 22, ಬ್ಯಾಕ್ ಇರೋ ಮ್ಯಾಥ್ಸ್ 20. ಅಲ್ಗಾರಿದಮ್ 31. ಉಳಿದವು ಪರವಾಗಿಲ್ಲ, 35ರ ಮೇಲಿವೆ.

ಸಪ್ತಾಪುರ ಚಾ
ಈಗ ನೋಡು. ನಿಮ್ಮ ಸ್ಕೀಮಿನ್ಯಾಗ ಪರೀಕ್ಷಾ 100ಕ್ಕ, ಅದನ್ನ 50ಕ್ಕ ಇಳಸ್ತಾರ. ಪಾಸಾಗಾಕ ಮೂರು ಬಾಗಲಾ ದಾಟಬೇಕು. ಇಂಟರ್ನಲ್ಸ್‌ದಾಗ 20, ಪರೀಕ್ಷಾದಾಗ ನೂರಕ್ಕ 35, ಎರಡೂ ಕೂಡಿಸಿದ್ರ 40.

ನೆಟ್‌ವರ್ಕ್ಸ್: 38 ಐತಿ. ಪರೀಕ್ಷಾದಾಗ 35 ತಗದ್ರ ಅರ್ಧಾ 17.5, ಅದನ್ನ 18 ಹಿಡೀತಾರ, ಒಟ್ಟು 56. ಚಿಂತೀನ ಇಲ್ಲ.
ಟಿಓಸಿ: 22ಕ್ಕ 18 ಕೂಡಿಸಿದ್ರ ಬರೋಬ್ಬರಿ 40. ದಂಡೀ ಮ್ಯಾಲ ನಿಂತಂಗ.
ಮ್ಯಾಥ್ಸ್: ಇಲ್ಲೇ ನೋಡು, ಹುಡುಗೂರು ಮೋಸ ಹೋಗೂದು. 35 ತಗದ್ರ ಪಾಸು ಅಂತ ತಿಳಕೊಂಡಿರ್ತಾರ. 20ಕ್ಕ 18 ಕೂಡಿಸಿದ್ರ 38. ಫೇಲ್! ನಿಂಗ 35 ಸಾಲೂದಿಲ್ಲ, 39 ಬೇಕು, ಅದರ ಅರ್ಧಾ 19.5, ಅದು 20 ಆಗತೈತಿ.

ಅಂದ್ರ ನಿನ್ನ ಅಂಜಿಕಿ ಎಲ್ಲಾ ಮ್ಯಾಥ್ಸಿಗೆ ಮತ್ತ ಟಿಓಸಿಗೆ ಇರಲಿ. ದಿನಾ ಬೆಳಿಗ್ಗೆ ಎರಡು ತಾಸು ಮ್ಯಾಥ್ಸ್, ಬ್ಯಾರೇ ಏನೂ ಮುಟ್ಟಬ್ಯಾಡ.

ಇನ್ನೊಂದು. ಸಿಲಬಸ್‌ದಾಗ ಐದು ಮಾಡ್ಯೂಲು (ಭಾಗ), ಒಂದೊಂದರಾಗ ಎರಡೆರಡು ಪ್ರಶ್ನೆ, ಒಂದು ಬರದ್ರ ಸಾಕು, 20 ಮಾರ್ಕ್ಸು. ಮೂರು ಮಾಡ್ಯೂಲ್ ಗಟ್ಟಿ ಮಾಡು, 60 ಆತು. ಉಳದ ಎರಡು ಕೈ ಬಿಡು. ನಾ ಹಂಗ ಏಳೂ ತಗದೆ.

ಕೆಂಪು ಇಂಕು
ನಾನು ಉಪನ್ಯಾಸಕಿ, ಮೌಲ್ಯಮಾಪನಕ್ಕೂ ಹೋಗ್ತೀನಿ. ಮೇಲಿನವರ ಲೆಕ್ಕ ಸರಿ, ಆದರೆ "ಉಳಿದ ಎರಡು ಕೈ ಬಿಡು" ಅನ್ನೋದನ್ನ ನಾನು ಒಪ್ಪಲ್ಲ.

ಮೂರು ಮಾಡ್ಯೂಲ್ ಪೂರ್ತಿ ಬರೆದರೆ 60ಕ್ಕೆ ಬರೆದ ಹಾಗಾಯ್ತು, 60 ಬಂದ ಹಾಗಲ್ಲ. ಸಾಧಾರಣ ಉತ್ತರಕ್ಕೆ ನೂರಕ್ಕೆ ಅರವತ್ತರಂತೆ ಹಾಕಿದರೂ 36. ಮ್ಯಾಥ್ಸ್‌ಗೆ ನಿನಗೆ ಬೇಕಿರೋದೇ 39. ಒಂದು ಲೆಕ್ಕ ಕೈ ಕೊಟ್ಟರೆ ಮುಗೀತು. ಮೂರು ಗಟ್ಟಿ ಮಾಡ್ಕೋ, ಸರಿ. ಉಳಿದ ಎರಡರಲ್ಲೂ ಪದೇ ಪದೇ ಬರೋ ಒಂದೊಂದು ಉಪಪ್ರಶ್ನೆ, 'ಎ' ಆಗಲಿ 'ಬಿ' ಆಗಲಿ, ಕಲಿತು ಹೋಗು. ಅಲ್ಲಿ ಸಿಗೋ ಎಂಟು ಹತ್ತು ಅಂಕ ಇದೆಯಲ್ಲ, ಅದೇ ನಿನ್ನನ್ನ ದಡ ಸೇರಿಸೋದು.

ಖಾಲಿ ಬಿಟ್ಟ ಜಾಗಕ್ಕೆ ನಾವು ಇಷ್ಟಪಟ್ಟರೂ ಅಂಕ ಕೊಡೋಕಾಗಲ್ಲ. ಸೂತ್ರ ಬರೆದು ಬೆಲೆಗಳನ್ನ ಹಾಕಿ ಅಲ್ಲಿಗೇ ನಿಲ್ಲಿಸಿದ್ದರೂ ಆ ಹಂತಕ್ಕೆ ಅಂಕ ಇರುತ್ತೆ.

ಇನ್ನೊಂದು, ತುಂಬಾ ಜನ ಮಾಡೋ ತಪ್ಪು: ಒಂದೇ ಮಾಡ್ಯೂಲಿನ ಎರಡೂ ಪ್ರಶ್ನೆ ಬರೆಯೋದು. "ಎರಡೂ ಗೊತ್ತಿತ್ತು ಮೇಡಂ" ಅಂತಾರೆ. ಲೆಕ್ಕಕ್ಕೆ ಬರೋದು ಒಂದೇ. ಇನ್ನೊಂದಕ್ಕೆ ಹೋದ ಅರ್ಧ ಗಂಟೆ ನೀರಲ್ಲಿ ಹೋಮ.

ಉತ್ತರಪತ್ರಿಕೆ ಸ್ಕ್ಯಾನ್ ಆಗಿ ಪರದೆ ಮೇಲೆ ಬರುತ್ತೆ. ತೆಳ್ಳಗೆ ಪೆನ್ಸಿಲ್‌ನಲ್ಲಿ ಬರೆದ ಚಿತ್ರ ಅಲ್ಲಿ ಕಾಣಿಸೋದೇ ಕಷ್ಟ. ಒತ್ತಿ ಬರೀರಿ. ಪ್ರಶ್ನೆ ಸಂಖ್ಯೆ ಸರಿಯಾಗಿ ಹಾಕಿ, 3-ಬಿ ಬರೆದು 4-ಬಿ ಅಂತ ಹಾಕಿದ್ರೆ ನಮಗೂ ತಲೆನೋವು, ನಿಮಗೂ.

ಗೋವಿನಜೋಳ
ಥ್ಯಾಂಕ್ಸ್ ಮೇಡಂ. ಇದೆಲ್ಲ ಸರಿ, ಆದ್ರೆ ನನ್ನ ಪ್ರಶ್ನೆ ಅಲ್ಲೇ ಇದೆ. ಗೊತ್ತಿರೋದು ಯಾಕೆ ಹೊರಗೆ ಬರಲ್ಲ?

ಕೆಂಪು ಇಂಕು
ಬರವಣಿಗೆ ಅಭ್ಯಾಸ ಮಾಡಿಲ್ಲ, ಅದಕ್ಕೆ. ಬೇಜಾರು ಮಾಡ್ಕೋಬೇಡ, ನಮ್ಮ ಕ್ಲಾಸಲ್ಲೂ ಮುಕ್ಕಾಲು ಜನ ಹೀಗೇ.

2006ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ರೋಡಿಗರ್ ಮತ್ತು ಕಾರ್ಪಿಕೆ, ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದ್ರು. ಒಂದು ಗುಂಪು ಪಾಠವನ್ನ ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಮುಚ್ಚಿಟ್ಟು, ನೆನಪಾದಷ್ಟನ್ನ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಕೊಟ್ಟಾಗ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೊಟ್ಟಾಗ ಉಲ್ಟಾ, ಬರೆದವರು ಮುಂದೆ. ನಿನಗೆ "ಇದು ಗೊತ್ತು" ಅನ್ನಿಸೋದು ಆ ಐದು ನಿಮಿಷದ ನೆನಪು. ಹೈಲೈಟರ್ ಮಾಡೋದೂ ಅಷ್ಟೇ ಕೆಲಸ.

ಹಾಗಾಗಿ ಒಂದು ಉಪಪ್ರಶ್ನೆ ಓದು, ಪುಸ್ತಕ ಮುಚ್ಚು, ಖಾಲಿ ಹಾಳೆ ಮೇಲೆ ಬರಿ. ಅರ್ಧಕ್ಕೆ ನಿಂತರೆ ಪುಸ್ತಕ ತೆಗೀಬೇಡ, ಎರಡು ನಿಮಿಷ ಒದ್ದಾಡು. ಆಮೇಲೆ ತೆಗೆದು ಎಲ್ಲಿ ತಪ್ಪಿತು ನೋಡು. ಮಾರನೇ ದಿನ ಅದನ್ನೇ ಇನ್ನೊಮ್ಮೆ. ಮೊದಲ ಎರಡು ದಿನ ಅಳು ಬರುತ್ತೆ, ಏನೂ ಗೊತ್ತಿಲ್ಲ ಅನ್ಸುತ್ತೆ. ಆ ಒದ್ದಾಟ ಹಾಲ್‌ನಲ್ಲಿ ಆಗೋ ಬದಲು ರೂಮಲ್ಲೇ ಆಗಲಿ.

ಹಿಂದಿನ ಬೆಂಚು
ಮೇಡಂ, ನೀವು ನಮ್ಮ ಕಾಲೇಜಿನವರಲ್ಲ ತಾನೇ? ಹಾಗಿದ್ರೆ ನಾನು ಹೆಸರು ಬದಲಾಯಿಸ್ಕೋಬೇಕು.

ತೆಂಗಿನ ಗರಿ
ನಾನೂ ಕನ್ನಡ ಮೀಡಿಯಂನಿಂದ ಬಂದೋಳು, ತಿಪಟೂರು ಕಡೆ. ಈಗ ನೆಟ್‌ವರ್ಕ್ ಕೆಲಸದಲ್ಲೇ ಇದೀನಿ. ತಮ್ಮಾ, ಮೇಡಂ ಹೇಳಿದ್ದರ ಜೊತೆ ಇದನ್ನೂ ಸೇರಿಸ್ಕೋ.

ನಾನು ಮೊದಲ ವರ್ಷ ಇಂಗ್ಲಿಷ್ ವಾಕ್ಯಗಳನ್ನ ಹಾಗೇ ಉರು ಹೊಡೀತಿದ್ದೆ. ಮಧ್ಯದಲ್ಲಿ ಒಂದು ಪದ ಮರೆತರೆ ಇಡೀ ರೈಲು ಹಳಿ ತಪ್ಪೋದು. ನಿಂಗೆ ಆಗ್ತಿರೋದೂ ಅದೇ ಇರಬೇಕು. ಆಮೇಲೆ ಪಾಠವನ್ನ ಮೊದಲು ಕನ್ನಡದಲ್ಲಿ ನಂಗೆ ನಾನೇ ಹೇಳ್ಕೊಳ್ಳೋಕೆ ಶುರು ಮಾಡಿದೆ.

ನಿನ್ನ ನೆಟ್‌ವರ್ಕ್ಸ್‌ನಲ್ಲೇ ಟಿಸಿಪಿ ಮೂರು ಹೆಜ್ಜೆ ಹ್ಯಾಂಡ್‌ಶೇಕ್ ಇದೆಯಲ್ಲ, ಎರಡು ಕಂಪ್ಯೂಟರ್ ಮಾತು ಶುರು ಮಾಡೋ ಮುಂಚೆ ಒಂದನ್ನೊಂದು ವಿಚಾರಿಸ್ಕೊಳ್ಳೋದು. ಸಿಗ್ನಲ್ ಸರಿಯಿಲ್ಲದ ಊರಿಂದ ಅಮ್ಮ ಫೋನ್ ಮಾಡ್ತಾಳೆ ಅಂದ್ಕೋ. "ಹಲೋ, ಕೇಳ್ತಿದೆಯಾ?" ಇದು ಸಿನ್. ನೀನು, "ಹ್ಞೂಂ ಕೇಳ್ತಿದೆ, ನನ್ನ ದನಿ ನಿಂಗೆ ಕೇಳ್ತಿದೆಯಾ?" ಇದು ಸಿನ್-ಆಕ್. ಅಮ್ಮ, "ಕೇಳ್ತಿದೆ." ಇದು ಆಕ್. ಆಮೇಲೇ ತಾನೇ ಮನೆ ವಿಷಯ ಶುರು? ಯಾಕೆ ಎರಡೇ ಸಾಲಲ್ಲ, ಮೂರು ಯಾಕೆ ಅಂತ ಪ್ರಶ್ನೆ ಬಂದ್ರೆ ಈಗ ನೀನು ಉರು ಹೊಡೆಯದೇ ಬರೀಬಹುದು. ಅಮ್ಮ ಕೊನೇ "ಕೇಳ್ತಿದೆ" ಹೇಳದೇ ಇದ್ರೆ ನಿನ್ನ ದನಿ ಅವಳಿಗೆ ಮುಟ್ತೋ ಇಲ್ವೋ ನಿಂಗೆ ಗೊತ್ತಾಗಲ್ಲ.

ಆಮೇಲೆ ಪ್ರತಿ ಉತ್ತರಕ್ಕೆ ಏಳೆಂಟು ಇಂಗ್ಲಿಷ್ ಪದ ಮಾತ್ರ ಕಾಗುಣಿತ ಸಮೇತ ಬಾಯಿಪಾಠ ಮಾಡು. ಅವುಗಳ ಮಧ್ಯೆ ಚಿಕ್ಕ ಚಿಕ್ಕ ವಾಕ್ಯ ಸಾಕು. ಗ್ರಾಮರ್ ತಪ್ಪಿದ್ರೂ ಪರವಾಗಿಲ್ಲ, ಅಲ್ವಾ ಕೆಂಪು ಇಂಕು ಮೇಡಂ?

ಕೆಂಪು ಇಂಕು
ಪರವಾಗಿಲ್ಲ. ನಾವು ಹುಡುಕೋದು ಆ ಪದಗಳನ್ನ, ಚಿತ್ರವನ್ನ, ಹಂತಗಳನ್ನ. ಇಂಗ್ಲಿಷ್ ಚೆಂದ ಅಂತ ಯಾರಿಗೂ ಹೆಚ್ಚು ಅಂಕ ಕೊಟ್ಟಿಲ್ಲ.

ಮೂರು ಸ್ಕೀಮ್ ಮನೆ
ಎಂಜಿನಿಯರಿಂಗ್‌ನವರಿಗೆ ಪಾಸಿಂಗ್ ಪ್ಯಾಕೇಜ್ ಆದ್ರೂ ಇದೆ. ನಮ್ಮ ಕತೆ ಕೇಳಿ. ನಾನು ಬಿ.ಕಾಂ, ಮೈಸೂರು. ಅಕ್ಕ ಹಳೇ ಸಿಬಿಸಿಎಸ್ ಪದ್ಧತಿ. ನಾನು 2021ರಲ್ಲಿ ಬಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ). ತಮ್ಮ 2024ರಲ್ಲಿ ಸೇರಿದ, ಅವನು ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ). ಒಂದೇ ಮನೆ, ಮೂರು ಸ್ಕೀಮ್. ಅಕ್ಕನ ಬಟ್ಟೆ ನನಗೆ ಬಂತು, ನೋಟ್ಸ್ ಬರಲಿಲ್ಲ. ನನ್ನ ಸೈಕಲ್ ತಮ್ಮನಿಗೆ ಹೋಯ್ತು, ನೋಟ್ಸ್ ಹೋಗಲಿಲ್ಲ. ಹಳೇ ಪ್ರಶ್ನೆಪತ್ರಿಕೆ ಹುಡುಕಿದ್ರೆ ಒಂದೋ ಎರಡೋ ಸಿಗ್ತಿತ್ತು, ಅದ್ರಲ್ಲಿ ಪದೇ ಪದೇ ಬರೋ ಪ್ರಶ್ನೆ ಅಂತ ಯಾವುದನ್ನ ಹುಡುಕೋದು?

ನಾನು ಸಂಜೆ 5ರಿಂದ 9 ಬಟ್ಟೆ ಅಂಗಡೀಲಿ ಬಿಲ್ಲಿಂಗ್ ಕೂರ್ತಿದ್ದೆ. ಓದೋಕೆ ಇದ್ದಿದ್ದು ಬೆಳಗ್ಗೆ ಮಾತ್ರ. ಐದೂವರೆಗೆ ಎದ್ದು ಕುಕ್ಕರಹಳ್ಳಿ ಕೆರೆ ದಂಡೆಗೆ ಹೋಗ್ತಿದ್ದೆ. ಅಲ್ಲಿ ವಾಕ್ ಬರೋರು ನನ್ನನ್ನ ಹುಚ್ಚಿ ಅಂದ್ಕೊಂಡಿರಬೇಕು, ಯಾಕಂದ್ರೆ ನಾನು ಜೋರಾಗಿ ಬಾಯಲ್ಲಿ ಹೇಳ್ಕೊಂಡು ನಡೀತಿದ್ದೆ. ಒಂದು ಸುತ್ತಿಗೆ ಒಂದು ಅಧ್ಯಾಯ. ಕಾಸ್ಟ್ ಅಕೌಂಟಿಂಗ್ ಮಾತ್ರ ಹಂಗೆ ಆಗಲ್ಲ, ಅದು ಕೂತು ಕೈಯಲ್ಲಿ ಲೆಕ್ಕ ಮಾಡ್ಲೇಬೇಕು.

ಗೋವಿನಜೋಳ, ದಾವಣಗೆರೆಯಲ್ಲಿ ನಿಮಗೆ ಕುಂದವಾಡ ಕೆರೆ ಇದೆಯಲ್ಲ. ಪಿಜಿ ರೂಮಿನ ನಾಲ್ಕು ಗೋಡೆ ಬಿಟ್ಟು ಒಂದು ಬೆಳಗ್ಗೆ ಹೋಗಿ ನೋಡಿ.

ನೈಟ್‌ಔಟ್ ಸಂಘ
ಬೆಳಗ್ಗೆ ಐದೂವರೆಗೆ ಏಳೋರಿಗೆ ನನ್ನ ದೂರದಿಂದಲೇ ನಮಸ್ಕಾರ. ಆ ಹೊತ್ತಿಗೆ ನಾವು ಮಲಗೋದು.

ನಮ್ಮ ಹಾಸ್ಟೆಲ್‌ನಲ್ಲಿ ಪರೀಕ್ಷೆ ಹಿಂದಿನ ರಾತ್ರಿ ಅಂದ್ರೆ ಜಾತ್ರೆ. ಒಂಬತ್ತಕ್ಕೆ ಊಟ, ಹತ್ತಕ್ಕೆ ಎಲ್ಲರೂ ಒಂದೇ ರೂಮು, ಒಬ್ಬ ಓದಿದವನು ಎಂಟು ಜನಕ್ಕೆ ಪಾಠ ಹೇಳ್ತಾನೆ. ಹನ್ನೆರಡಕ್ಕೆ ಚಹಾ, ಎರಡಕ್ಕೆ ಮ್ಯಾಗಿ. ನಾಲ್ಕು ಗಂಟೆಗೆ ಐದನೇ ಮಾಡ್ಯೂಲ್. ಎಂಟು ಸೆಮ್‌ನಲ್ಲಿ ಒಂದೂ ಬ್ಯಾಕ್ ಇಲ್ಲ. ಒಬ್ಬನೇ ಕೂತು ಓದೋನು ಹೆದರ್ತಾನೆ, ಎಂಟು ಜನ ಕೂತ್ರೆ ಹೆದರಿಕೆ ಎಂಟು ಪಾಲು.

ಕಡಲತಡಿ ನರ್ಸ್
ಎಂತ ಮಾರಾಯ ನೀವು, ನಾಲ್ಕು ಗಂಟೆಗೆ ಐದನೇ ಮಾಡ್ಯೂಲಾ! ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷ. ನಮಗೆ ಪಾಸಿಗೆ 35 ಅಲ್ಲ, 50 ಬೇಕು. ಮೇಲಿಂದ ವಾರ್ಡ್ ಡ್ಯೂಟಿ ಬೇರೆ ಉಂಟು. ಹಾಗಾಗಿ ನಿದ್ದೆಯ ವಿಷಯದಲ್ಲಿ ನಾನು ಸ್ವಲ್ಪ ಮಾತಾಡಬಹುದು.

ಚಹಾ ಕಾಫಿಯಲ್ಲಿರುವ ಕೆಫೀನ್ ಅರ್ಧ ಇಳಿಯಲಿಕ್ಕೆ ಸುಮಾರು ಐದು ಗಂಟೆ ಬೇಕು. ಹನ್ನೆರಡಕ್ಕೆ ಕುಡಿದದ್ದು ಬೆಳಿಗ್ಗೆ ಐದಕ್ಕೂ ಅರ್ಧ ಮೈಯಲ್ಲೇ ಉಂಟು. ನೀವು ಆಗ ಮಲಗಿದರೂ ಅದು ಒಳ್ಳೆಯ ನಿದ್ದೆ ಅಲ್ಲ. ಓದಿದ್ದು ಗಟ್ಟಿಯಾಗಿ ಕೂತುಕೊಳ್ಳುವುದು ನಿದ್ದೆಯಲ್ಲೇ. ಇಡೀ ರಾತ್ರಿ ಎಚ್ಚರ ಇದ್ದು ಹೋದರೆ ಹೊಸದಾಗಿ ಓದಿದ್ದೂ ನಿಲ್ಲುವುದಿಲ್ಲ, ಮೊದಲು ಓದಿದ್ದೂ ಬೇಗ ನೆನಪಿಗೆ ಬರುವುದಿಲ್ಲ. ಗೋವಿನಜೋಳಕ್ಕೆ ಪರೀಕ್ಷೆ ಹಾಲ್‌ನಲ್ಲಿ ತಲೆ ಖಾಲಿ ಆಗುವುದಕ್ಕೆ ಇದೂ ಒಂದು ಕಾರಣ ಇರಬಹುದು. ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ದಿ?

ಗೋವಿನಜೋಳ
ಅಲ್ಗಾರಿದಮ್ ಪೇಪರ್ ದಿನ… ಮಲಗಿರಲಿಲ್ಲ ಅಕ್ಕಾ. ಬೆಳಗ್ಗೆ ಏನೂ ತಿಂದಿರಲಿಲ್ಲ ಕೂಡ.

ಕಡಲತಡಿ ನರ್ಸ್
ಅಲ್ಲಿಗೆ ಆಯ್ತಲ್ಲ. ಹೊಟ್ಟೆ ಖಾಲಿ, ತಲೆ ಖಾಲಿ, ಹಾಳೆ ಖಾಲಿ.

ನೈಟ್‌ಔಟ್ ಸಂಘ
ಒಪ್ಪಲ್ಲ. ಅಭ್ಯಾಸ ಆದವರಿಗೆ ಏನೂ ಆಗಲ್ಲ.

ಸಪ್ತಾಪುರ ಚಾ
ಸಂಘದವರಾ, ನೀವು ಪಾಸಾಗಿದ್ದು ಎಚ್ಚರ ಇದ್ದದ್ದಕ್ಕ ಅಲ್ಲ, ಆ ಓದಿದ ಹುಡುಗ ಪಾಠಾ ಹೇಳಿದ್ದಕ್ಕ. ಅದನ್ನ ಅವಾ ಸಂಜೀ ಆರಕ್ಕ ಹೇಳಿದ್ರೂ ನೀವು ಪಾಸ್ ಆಗ್ತಿದ್ದಿರಿ. ಮತ್ತ ಎಲ್ಲಾರಕಿಂತ ಹೆಚ್ಚು ಮಾರ್ಕ್ಸ್ ಯಾರಿಗೆ ಬೀಳ್ತಿದ್ದೂ? ಪಾಠಾ ಹೇಳಿದಂವಗಾ, ಹೌದಲ್ಲೋ?

ನೈಟ್‌ಔಟ್ ಸಂಘ
…ಹೌದು. ಅವನಿಗೇ.

ಕರ್ಚೀಫ್ ತಜ್ಞ
ಇಷ್ಟೆಲ್ಲ ಯಾಕೆ? ಚಿಕ್ಕ ಚೀಟಿ, ಅಕ್ಷರ ಸಣ್ಣ ಮಾಡಿ ಜೆರಾಕ್ಸ್ ಅಂಗಡೀಲಿ ಹೇಳಿದ್ರೆ ಅವರೇ

ನಿರ್ವಾಹಕ
ಮೇಲಿನ ಸಂದೇಶದ ಉಳಿದ ಭಾಗ ತೆಗೆದಿದೀವಿ. ಕಾಪಿ ಹೊಡೆಯೋ ವಿಧಾನ ಇಲ್ಲಿ ಬೇಡ.

ಹಿಂದಿನ ಬೆಂಚು
ತಜ್ಞರು ಅರ್ಧ ವಾಕ್ಯದಲ್ಲೇ ಸಿಕ್ಕಿಬಿದ್ರು. ಹಾಲ್‌ನಲ್ಲೂ ಇಷ್ಟೇ ಬೇಗ ಸಿಕ್ಕಿಬೀಳ್ತಾರೆ ಅನ್ಸುತ್ತೆ.

ಗೋವಿನಜೋಳ
ಈಗ ರಾತ್ರಿ 3:10. ನಿದ್ದೆ ಬರ್ತಿಲ್ಲ. ನಾಲ್ಕು ದಿನದಿಂದ ಮೇಡಂ ಹೇಳಿದಂಗೆ ಖಾಲಿ ಹಾಳೆ ಮೇಲೆ ಬರೀತಿದೀನಿ. ಇವತ್ತು ಟಿಓಸಿಯಲ್ಲಿ ಪಂಪಿಂಗ್ ಲೆಮ್ಮಾ ಅನ್ನೋ ಪ್ರಮೇಯ ಏಳನೇ ಸಲ ತಪ್ಪಾಯ್ತು. ಕಣ್ಣು ಮುಚ್ಚಿದ್ರೆ ಅಪ್ಪನ ಮುಖ. ಈ ವರ್ಷ ಗೋವಿನಜೋಳಕ್ಕೆ ರೇಟ್ ಸಿಕ್ಕಿಲ್ಲ, ಆದ್ರೂ ಫೀಸ್ ಕಟ್ಟಿದ್ರು. ನಾನು ಇಲ್ಲಿ ಏನ್ ಮಾಡ್ತಿದೀನಿ ಅಂತ ಅನ್ಸುತ್ತೆ. ಇರೋದೇ ವೇಸ್ಟ್ ಅನ್ಸುತ್ತೆ ಒಂದೊಂದ್ಸಲ.

ಪುಟ್ಟನ ಅಮ್ಮ
ಮಗಾ, ಎಚ್ಚರ ಇದೀಯಾ? ನಾನೂ ಎಚ್ಚರ ಇದೀನಿ. ನಮ್ಮನೇಲೂ ಒಬ್ಬ ಬಿ.ಇ. ಓದ್ತಿದಾನೆ, ಅವನ ರೂಮಿನ ಲೈಟ್ ಉರೀತಿದೆ ಅಂತ ನನಗೂ ನಿದ್ದೆ ಇಲ್ಲ. ಇಷ್ಟು ದಿನ ಇದನ್ನೆಲ್ಲ ಓದಿ ಸುಮ್ಮನಿದ್ದೆ.

ನೇರವಾಗಿ ಕೇಳ್ತೀನಿ, ತಪ್ಪು ತಿಳ್ಕೋಬೇಡ. ಜೀವಕ್ಕೆ ಏನಾದ್ರೂ ಮಾಡ್ಕೊಳ್ಳೋ ಯೋಚನೆ ಬರ್ತಿದೆಯಾ?

ಗೋವಿನಜೋಳ
ಇಲ್ಲ ಆಂಟಿ. ಹಂಗೇನಿಲ್ಲ. ಸುಸ್ತು ಅಷ್ಟೇ. ಯಾರ ಹತ್ರನೂ ಹೇಳೋಕಾಗ್ತಿಲ್ಲ.

ಪುಟ್ಟನ ಅಮ್ಮ
ಸರಿ. ನಂಬ್ತೀನಿ. ಆದ್ರೂ ರೂಮಲ್ಲಿ ಇನ್ಯಾರಾದ್ರೂ ಇದ್ರೆ ಎಬ್ಬಿಸು, ಬೈದ್ರೆ ಬೈಲಿ. ನೀರು ಕುಡಿ. ಪುಸ್ತಕ ಮುಚ್ಚಿ ಮಲಗು, ನಿದ್ದೆ ಬರದಿದ್ರೂ ಕಣ್ಣು ಮುಚ್ಚಿ ಮಲಗು. ಬೆಳಗ್ಗೆ ಎದ್ದ ತಕ್ಷಣ ಇಲ್ಲಿ ಒಂದು ಸಾಲು ಬರಿ, ನಾನು ಕಾಯ್ತಿರ್ತೀನಿ.

ಕಡಲತಡಿ ನರ್ಸ್
ನೈಟ್ ಡ್ಯೂಟಿಯಲ್ಲಿ ಈಗ ನೋಡಿದೆ. ಟೆಲಿ ಮಾನಸ್ ಅಂತ ಮನಸ್ಸಿನ ಕಷ್ಟಕ್ಕೆ ಸಹಾಯವಾಣಿ ಉಂಟು, ನಂಬರ್ 14416. ದುಡ್ಡು ಇಲ್ಲ, ಹಗಲು ರಾತ್ರಿ ಇರ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಾಯುವ ಯೋಚನೆ ಬಂದರೆ ಮಾತ್ರ ಮಾಡಬೇಕು ಅಂತ ಇಲ್ಲ. ಪರೀಕ್ಷೆಯ ಹೆದರಿಕೆಗೂ ಮಾಡಬಹುದು. ನಾನು ಎರಡನೇ ವರ್ಷದಲ್ಲಿ ಮಾಡಿದ್ದೆ, ಇಪ್ಪತ್ತು ನಿಮಿಷ ಬರೀ ಅತ್ತೆ, ಆ ಕಡೆಯವರು ಕೇಳಿಕೊಂಡೇ ಇದ್ದರು.

ಗೋವಿನಜೋಳ
ಎದ್ದೆ. 8:40. ರೂಮ್‌ಮೇಟ್‌ನ ಎಬ್ಬಿಸಿದ್ದೆ. ಅವನಿಗೂ ಮೂರು ಬ್ಯಾಕ್ ಇದೆಯಂತೆ. ಒಂದು ವರ್ಷದಿಂದ ಒಂದೇ ರೂಮಲ್ಲಿದೀವಿ, ಇಬ್ರೂ ಹೇಳ್ಕೊಂಡಿರಲಿಲ್ಲ.

ಪುಟ್ಟನ ಅಮ್ಮ
ಸದ್ಯ. ತಿಂಡಿ ತಿನ್ನು ಮೊದಲು.

ಇನ್ನೊಂದು ಮಾತು. ಅಪ್ಪನಿಗೆ ಹೇಳಿಬಿಡು. ಮಕ್ಕಳು ಮುಚ್ಚಿಟ್ಟಿದ್ದಾರೆ ಅಂತ ನಮಗೆ ಹೇಗೋ ಗೊತ್ತಾಗುತ್ತೆ, ಏನು ಅಂತ ಗೊತ್ತಾಗದೇ ಒದ್ದಾಡ್ತೀವಿ. ನಾನೂ ದೊಡ್ಡ ಸಾಚಾ ಅಲ್ಲ. ಹೋದ ವರ್ಷ ಮಗ ಪರೀಕ್ಷೆ ಮುಗಿಸಿ ಗೇಟ್ ಹೊರಗೆ ಬರೋ ಮುಂಚೆನೇ ಫೋನ್ ಮಾಡಿ "ಹೇಗೆ ಬರೆದೆ, ಎಷ್ಟು ಬರುತ್ತೆ" ಅಂತಿದ್ದೆ. ಒಂದಿನ ಅವನು "ಅಮ್ಮಾ, ನೀನು ಊಟ ಆಯ್ತಾ ಅಂತ ಕೇಳೋದೇ ಬಿಟ್ಟಿದೀಯ" ಅಂದ. ಈಗ ಅಷ್ಟೇ ಕೇಳ್ತೀನಿ. ಉಳಿದಿದ್ದು ಕೇಳೋಕೆ ನಾಲಿಗೆ ತುರಿಸುತ್ತೆ, ತಡ್ಕೋತೀನಿ.

ಒಂಬತ್ತು ಪಾಯಿಂಟ್
ಬ್ಯಾಕ್ ಇರೋರ ಬಗ್ಗೆನೇ ಎಲ್ರೂ ಮಾತಾಡ್ತಿದೀರಿ, ಅದಕ್ಕೆ ಬರೆಯೋಕೆ ಹಿಂಜರಿಕೆ. ನನ್ನ ಸಿಜಿಪಿಎ ಹತ್ತಕ್ಕೆ 9ರ ಮೇಲಿದೆ. ಪರೀಕ್ಷೆ ಹಿಂದಿನ ದಿನ ನನಗೆ ವಾಂತಿ ಆಗುತ್ತೆ. ಪ್ರತಿ ಸಲ. ಹೇಳಿದ್ರೆ "ನಿನಗೇನು ಬಿಡು" ಅಂತಾರೆ. ಹಾಲ್ ಟಿಕೆಟ್ ದೇವರ ಮುಂದೆ ಇಟ್ಟು, ಮೂರು ಪೆನ್ನಿಗೂ ಕುಂಕುಮ ಹಚ್ಚಿ, ಮೊಸರು ಸಕ್ಕರೆ ತಿಂದು, ಆಮೇಲೆ ವಾಂತಿ ಮಾಡ್ಕೊಂಡು ಹೋಗ್ತೀನಿ. ಆ ನಂಬರ್ ಬರ್ಕೊಂಡೆ. ಅಷ್ಟೇ.

ಸಪ್ತಾಪುರ ಚಾ
ತಂಗೀ, ನಿಂಗೂ ಒಂದು ಕಪ್ ಚಾ. ನಾವು ಪರೀಕ್ಷಾ ಹಿಂದಿನ ದಿನಾ ಸಿದ್ಧಾರೂಢ ಮಠಕ್ಕ ಹೋಗಿ ಕುಂದ್ರತಿದ್ವಿ. ಅಜ್ಜಾ ಪಾಸ್ ಮಾಡಸ್ತಾನ ಅಂತ ಅಲ್ಲ. ಅಲ್ಲಿ ಯಾರೂ ಮಾಡ್ಯೂಲ್ ಬಗ್ಗೆ ಮಾತಾಡತಿದ್ದಿಲ್ಲ, ಅದಕ್ಕ.

ಗೋವಿನಜೋಳ
ಅಪ್ಪನಿಗೆ ಹೇಳಿದೆ.

ಸಂಜೆ ಫೋನ್ ಮಾಡಿ, ಹತ್ತು ನಿಮಿಷ ಮಳೆ ಬೆಳೆ ಎಮ್ಮೆ ಎಲ್ಲ ಮಾತಾಡಿ, ಆಮೇಲೆ ಒಂದೇ ಉಸಿರಲ್ಲಿ ಎರಡು ಬ್ಯಾಕ್ ಇದೆ ಅಂದೆ. ಆ ಕಡೆಯಿಂದ ಸದ್ದಿಲ್ಲ. ಸಿಗ್ನಲ್ ಹೋಯ್ತು ಅಂದ್ಕೊಂಡು "ಹಲೋ, ಕೇಳ್ತಿದೆಯಾ" ಅಂದೆ. (ತೆಂಗಿನ ಗರಿ ಅಕ್ಕಾ, ಆಗಲೂ ಸಿನ್ ನೆನಪಾಯ್ತು.) ಅಪ್ಪ ಅಂದ್ರು: "ರಿಸಲ್ಟ್ ಬಂದ ದಿನ ನೀ ಫೋನ್ ಮಾಡ್ಲಿಲ್ಲಲ್ಲ, ಅವತ್ತೇ ಗೊತ್ತಾತು. ಎಷ್ಟು ಅಂತ ಗೊತ್ತಿರ್ಲಿಲ್ಲ. ನಾ ಐದಾರು ಅಂದ್ಕಂಡಿದ್ದೆ."

ಆಮೇಲೆ ಫೋನ್ ಅವ್ವನ ಕೈಗೆ ಕೊಟ್ರು.

ಹಿಂದಿನ ಬೆಂಚು
ಐದಾರು ಅಂದ್ಕೊಂಡಿದ್ರಾ! ನಿಮ್ಮಪ್ಪನ ಲೆಕ್ಕದಲ್ಲಿ ನೀನು ಈಗ ಲಾಭದಲ್ಲಿದೀಯ ಮಗಾ.

ಕೆಂಪು ಇಂಕು
ಇನ್ನು ಎಂಟು ದಿನ ಇದೆಯಲ್ವಾ? ಈಗಿಂದ ಗಡಿಯಾರ ಇಟ್ಕೊಂಡು ಬರಿ. ಮೂರು ಗಂಟೆ ಅಂದ್ರೆ 180 ನಿಮಿಷ. ಪ್ರಶ್ನೆಪತ್ರಿಕೆ ಓದಿ ಯಾವುದು ಅಂತ ಗುರುತು ಹಾಕೋಕೆ ಹತ್ತು ನಿಮಿಷ ತೆಗೆದಿಡು. ಉಳಿದಿದ್ದರಲ್ಲಿ ಮಾಡ್ಯೂಲಿಗೆ 34 ನಿಮಿಷ. 34 ಆಯ್ತು ಅಂದ್ರೆ ಅರ್ಧ ಪುಟ ಜಾಗ ಬಿಟ್ಟು ಮುಂದಿನದಕ್ಕೆ ಹೋಗು.

ಮೊದಲನೇ ಮಾಡ್ಯೂಲಿಂದಲೇ ಶುರು ಮಾಡಬೇಕು ಅಂತ ಯಾವ ನಿಯಮವೂ ಇಲ್ಲ. ಕಣ್ಣು ಮುಚ್ಚಿ ಬರೆಯೋಕೆ ಬರೋದು ಯಾವುದೋ ಅದನ್ನ ಮೊದಲು ಬರಿ, ನಾಲ್ಕನೇದಾದ್ರೂ ಸರಿ. ಕೈ ಓಡೋಕೆ ಶುರುವಾದ್ರೆ ಆ ಬಿಳಿ ಹಾಳೆ ಭಯ ಇಳಿಯುತ್ತೆ. ಮಾರ್ಜಿನ್ ಕೊನೇಲಿ ಹಾಕು ಮಾರಾಯಾ.

ಗೋವಿನಜೋಳ
ನೆಟ್‌ವರ್ಕ್ಸ್ ಇವತ್ತು ಆಯ್ತು. ನಾಲ್ಕನೇ ಮಾಡ್ಯೂಲಿಂದ ಶುರು ಮಾಡಿದೆ. ಹ್ಯಾಂಡ್‌ಶೇಕ್ ಬಂದಿತ್ತು! ಖುಷೀಲಿ ಬಾಣದ ಮೇಲೆ ಸಿನ್ ಬರೆಯೋ ಬದಲು "ಹಲೋ" ಅಂತ ಬರೆದು ಆಮೇಲೆ ಹೊಡೆದು ಹಾಕಿದೆ. ಐದೂ ಮಾಡ್ಯೂಲ್ ಮುಟ್ಟಿದೀನಿ.

ಮಧ್ಯದಲ್ಲಿ ಒಂದ್ಸಲ ತಲೆ ಖಾಲಿ ಆಯ್ತು, ಎರಡನೇ ಮಾಡ್ಯೂಲ್ ಸಿಆರ್‌ಸಿ (ಡೇಟಾದಲ್ಲಿ ತಪ್ಪು ಪತ್ತೆ ಹಚ್ಚೋ) ಲೆಕ್ಕದಲ್ಲಿ. ಜಾಗ ಬಿಟ್ಟು ಮುಂದೆ ಹೋದೆ. ವಾಪಸ್ ಬರೋ ಹೊತ್ತಿಗೆ ನೆನಪಾಗಿತ್ತು.

ಸಪ್ತಾಪುರ ಚಾ
ಭಾರಿ! ಈಗ ಒಂದು ಕೆಲಸಾ ಮಾಡು. ಗೇಟಿನ ಹೊರಗ ನಿಂತು "ನಿಂದೆಷ್ಟು ಬಂತು, ನಂದೆಷ್ಟು ಬಂತು" ಅಂತ ಉತ್ತರಾ ತಾಳಿ ನೋಡೂ ಮಂದಿ ಇರ್ತಾರಲ್ಲ, ಅವರ ಕಡೆ ಹೋಗಬ್ಯಾಡ. ಸೀದಾ ಮಂಡಕ್ಕಿ ಮಿರ್ಚಿ ತಿಂದು ರೂಮಿಗೆ ಹೋಗು. ದಾವಣಗೆರಿಯಾಗ ಇದ್ದು ಅಷ್ಟು ಮಾಡದಿದ್ರ ಹೆಂಗ?

ಗೋವಿನಜೋಳ
ಟಿಓಸಿ ಚೆನ್ನಾಗಿ ಆಗಲಿಲ್ಲ. ಪಂಪಿಂಗ್ ಲೆಮ್ಮಾ ಬಂತು, ಎಂಟನೇ ಸಲವೂ ತಪ್ಪು ಬರೆದೆ ಅನ್ಸುತ್ತೆ. ಟ್ಯೂರಿಂಗ್ ಮಷೀನ್ ಅರ್ಧಕ್ಕೆ ನಿಂತಿತು. 35 ಬರಬಹುದು, ಬರದೇನೂ ಇರಬಹುದು. ಹೊರಗೆ ಬಂದಾಗ ಅಳು ಬಂತು. ಆದ್ರೆ 40 ನಿಮಿಷ ಸುಮ್ನೆ ಕೂತಿರಲಿಲ್ಲ ಈ ಸಲ.

ರಾತ್ರಿ ಅಪ್ಪ ಫೋನ್ ಮಾಡಿದ್ರು. "ಊಟ ಆತಾ" ಅಂದ್ರು. ಪುಟ್ಟನ ಅಮ್ಮ ಆಂಟಿ, ನೀವೇನಾದ್ರೂ ನಮ್ಮಪ್ಪನಿಗೆ ಫೋನ್ ಮಾಡಿದ್ರಾ?

ಪುಟ್ಟನ ಅಮ್ಮ
ಇಲ್ಲಪ್ಪ.

ತೆಂಗಿನ ಗರಿ
ಟಿಓಸಿ ಹೋದ್ರೆ ಉತ್ತರಪತ್ರಿಕೆ ಫೋಟೋಕಾಪಿ ತರಿಸಿ ನೋಡು, ಎಲ್ಲಾದ್ರೂ ಅಂಕ ಬಿಟ್ಟಿದ್ದಾರೆ ಅನ್ಸಿದ್ರೆ ಮಾತ್ರ ಮರುಮೌಲ್ಯಮಾಪನಕ್ಕೆ ಹಾಕು. ಸಿಟ್ಟಲ್ಲಿ ಸುಮ್ನೆ ದುಡ್ಡು ಕಟ್ಟಬೇಡ. ಅದು ಆಮೇಲಿನ ಮಾತು. ಮ್ಯಾಥ್ಸ್ ಯಾವಾಗ?

ಗೋವಿನಜೋಳ
ನಾಡಿದ್ದು. ದಿನಾ ಬೆಳಗ್ಗೆ ಎರಡು ಗಂಟೆ ಮಾಡಿದೀನಿ. ರೂಮ್‌ಮೇಟ್‌ಗೂ ಅದೇ ಬ್ಯಾಕ್, ಅವನಿಗೆ ನಾನೇ ಹೇಳಿಕೊಡ್ತಿದೀನಿ, ನಗಬೇಡಿ.

ಗೋವಿನಜೋಳ
ಮ್ಯಾಥ್ಸ್ ಮುಗೀತು. ಧಾರಾಳವಾಗಿ ಲೆಕ್ಕ ಹಾಕಿದ್ರೆ 47 ಬರುತ್ತೆ, ಕಟ್ಟುನಿಟ್ಟಾಗಿ ಹಾಕಿದ್ರೆ 38. ಬೇಕಿರೋದು 39. ಅಲ್ಗಾರಿದಮ್‌ಗೆ ಇನ್ನೂ ಆರು ದಿನ ಗ್ಯಾಪ್ ಇದೆ, ಎರಡು ದಿನ ಊರಿಗೆ ಹೋಗಿ ಬರ್ತೀನಿ. ಈಗ ಬಸ್ ಸ್ಟ್ಯಾಂಡಲ್ಲಿದೀನಿ. ಬ್ಯಾಗಲ್ಲಿ ಖಾಲಿ ಹಾಳೆ ಒಂದು ಕಟ್ಟು ಇಟ್ಕೊಂಡಿದೀನಿ ಮೇಡಂ.

ಕೆಂಪು ಇಂಕು
38 ಅಂತ ಹಾಕಿದವನು ಯಾವ ಹಂತಕ್ಕೆ ಎಷ್ಟು ಕಳೆದೆ ಅಂತ ಬರೆದು ಕಳಿಸು. ನೋಡೋಣ.

ಹಿಂದಿನ ಬೆಂಚು
ಮೇಡಂ, ಅವನದು ನೋಡೋದಾದ್ರೆ ನಂದೂ ಒಂದಿದೆ. ಮೆಕ್ಯಾನಿಕಲ್, ಮೂರನೇ ಸೆಮ್. ನಾಳೆ ಪೇಪರ್. ಇನ್ನೂ ಟೈಮ್‌ಟೇಬಲ್ ಅಂಟಿಸಿಲ್ಲ.